ಇಪ್ಪತ್ತೈದು ಮೈಕ್ರೋಗ್ರಾಂ

ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದೆ. ಬಸ್ಸಿಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಯಾವುದೋ ಸಂದಿಯಿಂದ ಸೋಪಿನ ನೀರಲ್ಲಿ ರೇಷ್ಮೆ ಬೇಯುವ ವಾಸನೆ ಬಂದು ಮೂಗಿಗೆ ಬಡಿಯಿತು. ಗೊತ್ತಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಅಲ್ಲೇ ನಿಂತುಬಿಟ್ಟೆ. ಜೊತೆಗಿದ್ದ ಚಿಕ್ಕಮ್ಮ, "ಏನಾತೇ ನಿಂಗೆ, ಬಿಸಿಲು ಹತ್ತಿತಾ?" ಎಂದು ಕೈ ಹಿಡಿದು ಎಳೆದಳು. ಬಿಸಿಲಲ್ಲ, ಏಳು ವರ್ಷದ ಹಿಂದಿನ ಆಷಾಢ ಹತ್ತಿತ್ತು.

ಆಗ ನನಗೆ ಇಪ್ಪತ್ತಾರು. ಮೊಳಕಾಲ್ಮೂರು ತಾಲ್ಲೂಕಿನ ನೇಕಾರರ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಔಷಧಿ ಕೊಡುವ ಕೆಲಸ ಸಿಕ್ಕಿತ್ತು. ಗುತ್ತಿಗೆ ನೌಕರಿ, ವರ್ಷ ವರ್ಷವೂ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮದು ಚಳ್ಳಕೆರೆ. ಅಪ್ಪ ಶೇಂಗಾ ಎಣ್ಣೆಯ ಮಿಲ್ಲಿನವರು, ಅವರ ಬಾಯಲ್ಲಿ ಕ್ವಿಂಟಾಲು, ಟನ್ನು ಬಿಟ್ಟು ಬೇರೆ ಮಾತೇ ಬರುತ್ತಿರಲಿಲ್ಲ. ನಾನು ಔಷಧಿ ಓದುತ್ತೇನೆಂದಾಗ ಪುಸ್ತಕ ತಿರುವಿ ನೋಡಿ, ಮಿಲಿಗ್ರಾಂ ಮೈಕ್ರೋಗ್ರಾಂ ಎಂದೆಲ್ಲ ಇದ್ದದ್ದು ಕಂಡು ನಕ್ಕಿದ್ದರು. "ಟನ್‌ಗಟ್ಲೆ ತೂಗೋ ಮನ್ಯಾಗೆ ಹುಟ್ಟಿ ಇದೇನವ್ವಾ, ಕಣ್ಣಿಗೇ ಕಾಣ್ದಿದ್ದನ್ನ ತೂಗೋಕೆ ಹೊಂಟೀಯ! ಕುದಾಪುರದ ಕಾವಲ್ನಾಗೆ ದನ ಮೇಯ್ತಿದ್ವು, ಈಗ ಅಲ್ಲಿ ವಿಜ್ಞಾನಿಗಳು ಬಂದು ನ್ಯಾನೋ ಅಂತಾರಂತೆ. ನೀನೂ ಅಲ್ಲಿಗೇ ಹೋಗಿ ಸೇರ್ಕೊ." ನಾನು ಹೋದದ್ದು ನ್ಯಾನೋಗಲ್ಲ. ಕೆಮ್ಮಿನ ಸಿರಪ್ಪು, ಜ್ವರದ ಗುಳಿಗೆ, ಕಜ್ಜಿಯ ಮುಲಾಮಿಗೆ.

ಆ ಸೀಮೆಯ ಆಷಾಢ ಅಂದರೆ ಮಳೆಯಲ್ಲ, ಗಾಳಿ. ಮೋಡ ಬರುತ್ತದೆ, ನಾಲ್ಕು ಹನಿ ಉದುರಿಸಿ ಆಂಧ್ರದ ಕಡೆ ಓಡಿಹೋಗುತ್ತದೆ. ಗಾಳಿ ಮಾತ್ರ ಬೆಳಗ್ಗೆ ಎಂಟಕ್ಕೆ ಎದ್ದರೆ ಸಂಜೆಯವರೆಗೂ ಕೂರುವುದಿಲ್ಲ. ಬೆಟ್ಟದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಕೆಳಗೆ ನನ್ನ ಕಿಟಕಿಯಲ್ಲಿ ಚೀಟಿಗಳು ಹಾರುತ್ತಿದ್ದವು. ಹೊಲದವರು ಶೇಂಗಾ ಬಿತ್ತನೆಗೆ ಆಕಾಶ ನೋಡುತ್ತಿದ್ದರೆ ನೇಕಾರರು ಗಾಳಿಗೆ ನೂಲು ಹರಿಯುತ್ತದೆಂದು ಬಾಗಿಲು ಹಾಕಿಕೊಂಡು ಮಗ್ಗದ ಗುಂಡಿಗೆ ಇಳಿಯುತ್ತಿದ್ದರು.

ಓಬಳೇಶಣ್ಣನ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿತ್ತು. ಮನೆಯೆಂದರೆ ಒಂದು ಅಂಕಣ ಮಗ್ಗ, ಒಂದು ಅಂಕಣ ಅಡುಗೆ. ಮಗ್ಗದ ಪಕ್ಕದ ತೊಲೆಗೆ ಜೋಲಿ ಕಟ್ಟಿದ್ದರು, ಅದರಲ್ಲಿ ಅವರ ಮೊದಲ ಮಗಳು, ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೆಂಡತಿ ಸುಜಾತ ರಾಯದುರ್ಗದ ಕಡೆಯವಳು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವಳು. ಆ ಕೂಸನ್ನು ಕಂಡು ಬೀದಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು. ಅಳುವುದಿಲ್ಲ, ಹಟವಿಲ್ಲ, ಲಾಳಿಯ ಸದ್ದಿಗೂ ಏಳುವುದಿಲ್ಲ. "ಪುಣ್ಯ ಮಾಡಿದ್ದೀ ಕಣೇ, ಇಂಥಾ ಕೂಸು ಹುಟ್ಟಿದ್ರೆ ನಾನು ಹತ್ತು ಹಡೀತಿದ್ದೆ" ಎಂದು ಪಕ್ಕದ ಮನೆಯಾಕೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನಮ್ಮ ಡಾಕ್ಟರಿಗೆ ಮಾತ್ರ ಆ ಸುಮ್ಮನಿರುವಿಕೆ ಹಿಡಿಸಲಿಲ್ಲ. ಚುಚ್ಚುಮದ್ದಿಗೆ ಕರೆತಂದಾಗ ಮಗುವಿನ ನಾಲಗೆ ನೋಡಿದರು, ಹೊಟ್ಟೆ ಮುಟ್ಟಿದರು, ಇನ್ನೂ ಇಳಿಯದ ಕಾಮಾಲೆ ನೋಡಿದರು, ಅದರ ಒಡಕು ದನಿ ಕೇಳಿದರು. ರಕ್ತ ಪರೀಕ್ಷೆಗೆ ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಕಳಿಸಿದರು. ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿತು. ಈ ತಿಂಗಳುಗಳಲ್ಲೇ ಮಿದುಳು ಬೆಳೆಯಬೇಕು, ಔಷಧಿ ತಪ್ಪಿದರೆ ಕೂಸು ಬದುಕಿದರೂ ಬುದ್ಧಿ ಬೆಳೆಯುವುದಿಲ್ಲ, ಹೆಚ್ಚಾದರೆ ಎದೆಗೆ ಅಪಾಯ ಎಂದು ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರು. ಕೂಸಿನ ತೂಕ ಎರಡೂವರೆ ಕಿಲೋ. ದಿನಕ್ಕೊಂದು ಗುಳಿಗೆ, ಇಪ್ಪತ್ತೈದು ಮೈಕ್ರೋಗ್ರಾಂ, ತಾಯಿಯ ಹಾಲಲ್ಲಿ ಅರೆದು ಬೆಳಗ್ಗೆ ಕೊಡಬೇಕು.

ಕೊಡುವ ಬಗೆ ಹೇಳಿಕೊಡುವ ಕೆಲಸ ನನ್ನದು. ಸಂಜೆ ಅವರ ಮನೆಗೇ ಹೋದೆ. ಓಬಳೇಶಣ್ಣ ಗುಳಿಗೆಯನ್ನು ಅಂಗೈಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಮೈಕ್ರೋ ಅಂದ್ರೆ ಎಷ್ಟು ಮೇಡಂ?"

ಶಾಲೆಯಲ್ಲಿ ಕಿಲೋ, ಹೆಕ್ಟೋ, ಡೆಕಾ, ಡೆಸಿ, ಸೆಂಟಿ, ಮಿಲಿ ಎಂದು ರಾಗವಾಗಿ ಒಪ್ಪಿಸಿದವಳು ನಾನು. ಆ ಹೆಕ್ಟೋ, ಡೆಕಾಗಳು ಆಮೇಲೆ ಜೀವಮಾನದಲ್ಲಿ ಎದುರು ಸಿಕ್ಕಿಲ್ಲ, ಅದು ಬೇರೆ ಮಾತು. ಓಬಳೇಶಣ್ಣನ ಬಳಿ ಜರಿ ತೂಗುವ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಅದನ್ನು ಮುಂದಿಟ್ಟುಕೊಂಡು ಪಾಠ ಶುರು ಮಾಡಿದೆ.

"ಇದ್ರಲ್ಲಿ ಒಂದು ಗ್ರಾಂ ತೋರಿಸ್ತದಲ್ಲ ಅಣ್ಣಾ, ಅದನ್ನ ಸಾವಿರ ಪಾಲು ಮಾಡಿದ್ರೆ ಒಂದು ಪಾಲು ಮಿಲಿಗ್ರಾಂ. ಆ ಒಂದು ಮಿಲಿಗ್ರಾಂನ ಮತ್ತೆ ಸಾವಿರ ಪಾಲು ಮಾಡಿದ್ರೆ ಒಂದು ಪಾಲು ಮೈಕ್ರೋಗ್ರಾಂ."

"ಅಂಥಾದ್ದು ಇಪ್ಪತ್ತೈದೇ?"

"ಇಪ್ಪತ್ತೈದೇ."

ಸುಜಾತಳಿಗೆ ನಂಬಿಕೆ ಬರಲಿಲ್ಲ. "ಅಷ್ಟರಾಗೆ ಏನೈತೆ ಅಂತ ಮೇಡಂ, ನನ್ ಕೂಸು ಉಷಾರಾಗ್ಬೇಕು?" ಎಂದಳು. ಓಬಳೇಶಣ್ಣ ಅವಳನ್ನು ಸುಮ್ಮನಾಗಿಸಿದರು. ಕೂದಲೆಳೆಯಂಥ ನೂಲು ಒಂದು ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ, ಸಣ್ಣದೆಂದು ಹಗುರ ಮಾಡಬಾರದು ಎಂದರು. ನೇಕಾರನಿಗೆ ಸಣ್ಣದರ ಬೆಲೆ ಹೇಳಿಕೊಡಬೇಕಾಗಿಲ್ಲ ಎಂದು ನನಗೆ ಖುಷಿಯಾಯಿತು. ಮೇಷ್ಟ್ರ ಹಮ್ಮಿನಲ್ಲಿ ಎದ್ದು ಬಂದೆ. ಹೊರಡುವ ಮುಂಚೆ ಇನ್ನೊಂದು ಮಾತನ್ನೂ ಉದಾರವಾಗಿ ಉದುರಿಸಿದ್ದೆ. "ಕೂಸು ಜೋರಾಗಿ ಅಳೋಕೆ ಶುರು ಮಾಡಿದ್ರೆ ಹೆದ್ರಬೇಡಿ. ಔಷಧಿ ಹತ್ತಿದೆ ಅಂತ ತಿಳ್ಕೊಳ್ಳಿ."

ಹತ್ತಿತು ಕೂಡ. ಹದಿನೈದು ದಿನಕ್ಕೆ ಕೂಸಿನ ಮೈಬಣ್ಣ ತಿರುಗಿತು, ಹಾಲಿಗೆ ಹುಡುಕಾಡತೊಡಗಿತು, ಹಸಿವಾದಾಗ ಅಳತೊಡಗಿತು. ಸುಜಾತ ದಾರಿಯಲ್ಲಿ ಸಿಕ್ಕರೆ ಸಾಕು, "ರಾತ್ರೆಲ್ಲ ನಿದ್ದೆ ಕೊಡಲ್ಲ ಮೇಡಂ" ಎಂದು ನಗುನಗುತ್ತಾ ದೂರು ಹೇಳುತ್ತಿದ್ದಳು. ಲೋಕದಲ್ಲಿ ಮಗು ಅಳುತ್ತದೆಂದು ಅಷ್ಟು ಸಂಭ್ರಮಪಟ್ಟ ತಾಯಿಯನ್ನು ನಾನು ನೋಡಿಲ್ಲ.

ಆ ಗುಳಿಗೆ ನಮ್ಮ ಆಸ್ಪತ್ರೆಗೆ ಬರುತ್ತಿರಲಿಲ್ಲ. ನಾನು ಭಾನುವಾರ ಊರಿಗೆ ಹೋದಾಗ ಚಳ್ಳಕೆರೆಯ ಅಂಗಡಿಯಿಂದ ತಂದುಕೊಡುತ್ತಿದ್ದೆ. ಹಾಗೆ ಹೊರಗಿನ ಔಷಧಿ ತಂದುಕೊಡುವುದು ನಿಯಮವಲ್ಲ, ಡಾಕ್ಟರಿಗೂ ಹೇಳಿರಲಿಲ್ಲ, ಗೊತ್ತಾದರೆ ಕೆಲಸಕ್ಕೆ ಕುತ್ತು ಎಂದು ಓಬಳೇಶಣ್ಣನಿಗೆ ಮಾತ್ರ ಹೇಳಿದ್ದೆ. ಪರೋಪಕಾರವೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಒಂದು ಭಾನುವಾರ ಇಪ್ಪತ್ತೈದರದು ಯಾವ ಅಂಗಡಿಯಲ್ಲೂ ಇರಲಿಲ್ಲ. ನೂರು ಮೈಕ್ರೋಗ್ರಾಮಿನದು ಇತ್ತು. ಹತ್ತು ಗುಳಿಗೆ ತಂದೆ. ಮರುದಿನ ಅವ್ವನ ಕಣ್ಣಿನ ಆಪರೇಷನ್ನಿಗೆ ಎಂಟು ದಿನ ರಜೆ ಹಾಕಿ ಮತ್ತೆ ಚಳ್ಳಕೆರೆಗೆ ಹೋಗಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು. ಓಬಳೇಶಣ್ಣನ ಬಾಗಿಲಲ್ಲೇ ನಿಂತು ಗುಳಿಗೆ ಕೈಗಿಟ್ಟು ಹೇಳಿದೆ, "ಇದು ಅದರ ನಾಲ್ಕರಷ್ಟು ಅಣ್ಣಾ. ನಾಲ್ಕು ಭಾಗ ಮಾಡಿ ಒಂದು ಭಾಗ ಕೊಡಿ, ಸಾಕು."

"ಆತು ಮೇಡಂ, ನೀವು ಹೋಗ್ಬರ್ರಿ, ಅವ್ವಾರಿಗೆ ಉಷಾರಾಗ್ಲಿ" ಎಂದರು.

ಗುಳಿಗೆ ಕತ್ತರಿಸುವ ಪುಟ್ಟ ಡಬ್ಬಿ ಆಸ್ಪತ್ರೆಯ ನನ್ನ ಮೇಜಿನಲ್ಲೇ ಇತ್ತು. ಹತ್ತು ನಿಮಿಷ ಕೂತಿದ್ದರೆ ಹತ್ತನ್ನೂ ನಾಲ್ಕು ನಾಲ್ಕು ಮಾಡಿ ಪೊಟ್ಟಣ ಕಟ್ಟಿಕೊಡಬಹುದಿತ್ತು. ಕೂರಲಿಲ್ಲ.

ಎಂಟು ದಿನ ಕಳೆದು ವಾಪಸು ಬಂದಾಗ ಗಾಳಿ ಇನ್ನೂ ಜೋರಾಗಿತ್ತು. ಆ ಗಾಳಿಯಲ್ಲೂ ಹಿಂದಿನ ಬೀದಿಯಿಂದ ಕೂಸಿನ ಅಳು ಕೇಳುತ್ತಿತ್ತು. ಹಸಿವಿನ ಅಳುವಿಗೊಂದು ಏರಿಳಿತ ಇರುತ್ತದೆ, ಇದಕ್ಕೆ ಇರಲಿಲ್ಲ. ಚೀಲವನ್ನೂ ಇಳಿಸದೆ ಹೋದೆ. ಓಬಳೇಶಣ್ಣ ಬಾಗಿಲಲ್ಲೇ ಎದುರುಗೊಂಡರು. ನಿದ್ದೆಗೆಟ್ಟ ಕಣ್ಣು, ಆದರೂ ಮುಖದಲ್ಲಿ ಹಿಗ್ಗು.

"ಕೇಳ್ರಿ ಮೇಡಂ ನಮ್ ಹುಡುಗಿ ದನೀನ! ನಾಕು ದಿನದಿಂದ ಇಡೀ ಬೀದೀನೇ ಎಬ್ಬಿಸ್ತೈತೆ. ಔಷಧಿ ಭಾರೀ ಹತ್ತೈತೆ."

ಸುಜಾತಳ ಮುಖದಲ್ಲಿ ಹಿಗ್ಗಿರಲಿಲ್ಲ. "ಹಾಲು ಕುಡ್ದಿದ್ದೆಲ್ಲ ಕೆಳಗೆ ಹೋಗ್ತೈತೆ ಮೇಡಂ, ಮೈಯೆಲ್ಲ ಬೆವರು. ನಾ ಬಂಗಾರು ತಲ್ಲಿ, ನನ್ ಬಂಗಾರ, ಮಲಗೋದೇ ಇಲ್ಲ. ಇವ್ರು ಕೇಳಿದ್ರೆ ಅಳ್ಬೇಕು, ಮೇಡಂ ಹೇಳ್ಯಾರೆ ಅಂತಾರೆ" ಎಂದಳು. ಕೂಸಿನ ಎದೆಯ ಮೇಲೆ ಬೆರಳಿಟ್ಟೆ. ಹಿಡಿದ ಗುಬ್ಬಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು, ಎಣಿಸಲು ಆಗಲಿಲ್ಲ.

"ಗುಳಿಗೆ ತೋರಿಸಿ ಅಣ್ಣಾ."

ಹತ್ತರಲ್ಲಿ ಒಂದೇ ಉಳಿದಿತ್ತು. ಎಂಟು ದಿನಕ್ಕೆ ಎರಡು ಖರ್ಚಾಗಿ ಎಂಟು ಉಳಿಯಬೇಕಿತ್ತು. "ಇಡೀ ಗುಳಿಗೆ ಕೊಟ್ರಾ?" ಎಂದೆ.

ಓಬಳೇಶಣ್ಣ ತಲೆ ತಗ್ಗಿಸಿದರು. ಮೊದಲ ದಿನ ಬ್ಲೇಡಿನಲ್ಲಿ ಕತ್ತರಿಸಲು ಹೋಗಿ ಗುಳಿಗೆ ಪುಡಿಯಾಯಿತಂತೆ, ಬಾಗಿಲಿಂದ ನುಗ್ಗಿದ ಗಾಳಿಗೆ ಪುಡಿಯೂ ಹೋಯಿತಂತೆ. ಇನ್ನೊಂದನ್ನು ಹಾಳು ಮಾಡುವ ಮುಂಚೆ ಕಾಲು ಭಾಗ ಎಷ್ಟೆಂದು ತೂಗಿ ನೋಡೋಣವೆಂದು ಜರಿಯ ತಕ್ಕಡಿ ತೆಗೆದಿದ್ದಾರೆ. ಹಳೆಯ ಡಬ್ಬಿಯ ತಳದಲ್ಲಿ ಇಪ್ಪತ್ತೈದರದು ಒಂದು ಉಳಿದಿತ್ತು, ಅದನ್ನೂ ತೂಗಿದ್ದಾರೆ. ಈಗ ನನ್ನೆದುರು ಮತ್ತೆ ತೂಗಿ ತೋರಿಸಿದರು. ಹಳೆಯದು ಸೊನ್ನೆ ಪಾಯಿಂಟ್ ಒಂದು ಸೊನ್ನೆ ಗ್ರಾಂ. ಹೊಸದೂ ಅಷ್ಟೇ.

"ನಾಕರಷ್ಟು ಇದ್ರೆ ತೂಕಾನೂ ನಾಕರಷ್ಟು ಬರ್ಬೇಕಲ್ಲ ಮೇಡಂ? ನಮ್ಗೆ ರೇಷ್ಮೆ ಕೊಡೋದೂ ತೂಕದ ಮ್ಯಾಲೆ, ಸೀರೆ ತಗಣೋದೂ ತೂಕದ ಮ್ಯಾಲೆ. ಎರಡೂ ಒಂದೇ ತೂಕ ಐತೆ, ಅಂದ್ರೆ ಮಾಲೂ ಒಂದೇ. ಅಂಗಡಿಯೋನು ನಿಮ್ಗೆ ಹಳೇದನ್ನೇ ಬೇರೆ ಚೀಟಿ ಹಚ್ಚಿ ಕೊಟ್ಟಾನೆ ಅನ್ಕಂಡೆ. ಕಾಲು ಕೊಟ್ರೆ ಕೂಸಿಗೆ ಕಮ್ಮಿ ಆಗ್ತೈತಲ್ಲ, ಬುದ್ಧಿ ಬೆಳೆಯಲ್ಲ ಅಂದಿದ್ರಲ್ಲ ಡಾಕ್ಟ್ರು..."

"ನಂಗೊಂದು ಫೋನ್ ಮಾಡಬಾರದಿತ್ತಾ ಅಣ್ಣಾ?"

"ಮೇಡಂ ಮೋಸ ಹೋಗ್ಯಾರೆ ಅಂತ ನಿಮ್ಗೇ ಹೆಂಗ್ ಹೇಳ್ಲಿ? ಅವ್ವಾರ ಆಪರೇಷನ್ ಬೇರೆ. ಬ್ಯಾಸ್ರ ಮಾಡ್ಕಂತೀರಿ ಅಂತ ಸುಮ್ಕಾದೆ."

ನನಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಮೈಕ್ರೋ ಎಂದರೆ ಎಷ್ಟು ಸಣ್ಣದೆಂದು ತಕ್ಕಡಿ ಮುಂದಿಟ್ಟುಕೊಂಡು ಪಾಠ ಮಾಡಿದವಳು ಯಾರು? ಆ ಗುಳಿಗೆಯ ತೂಕ ಅದರೊಳಗಿನ ಔಷಧಿಯ ಸಾವಿರಾರು ಪಟ್ಟು, ಉಳಿದದ್ದೆಲ್ಲ ಬರೀ ಹಿಟ್ಟು ಎಂದು ಹೇಳದೆ ಎದ್ದು ಬಂದವಳೂ ನಾನೇ. ಮೈಗಳ್ಳ ಅಪ್ಪನಾಗಿದ್ದರೆ ಅಂದಾಜಿಗೆ ಕಾಲು ಮುರಿದು ಕೊಟ್ಟಿರುತ್ತಿದ್ದ, ಕೂಸು ಚೆನ್ನಾಗಿರುತ್ತಿತ್ತು. ಈ ಮನುಷ್ಯ ಜೋಪಾನ ಮಾಡಲು ಹೋಗಿ ಕೆಟ್ಟರು.

ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಓಡುವಾಗ ದಾರಿಯಲ್ಲೇ ಹೇಳಿದೆ, "ಅಣ್ಣಾ, ಎರಡು ಲಡಿ ರೇಷ್ಮೆ ತಗೊಳ್ಳಿ. ಒಂದು ತಿಳಿ ಗುಲಾಬಿ, ಒಂದು ಕಡು ಕೆಂಪು. ತೂಕದಲ್ಲಿ ವ್ಯತ್ಯಾಸ ಇರುತ್ತಾ?" ಅಷ್ಟೇ ಸಾಕಾಯಿತು. ಅವರು ನಡುಬೀದಿಯಲ್ಲಿ ನಿಂತು ಎರಡೂ ಕೈಯಲ್ಲಿ ಹಣೆ ಹಣೆ ಬಡಿದುಕೊಂಡರು. ಸುಜಾತ ಅವರ ಅಂಗಿ ಹಿಡಿದು ಎಳೆದುಕೊಂಡು ಬಂದಳು.

ಡಾಕ್ಟರು ಮಗುವಿನ ಎದೆ ಕೇಳಿದವರೇ ಆಂಬುಲೆನ್ಸಿಗೆ ಫೋನ್ ಮಾಡಿದರು. ಆಮೇಲೆ ಗುಳಿಗೆಯ ಪಟ್ಟಿ ಕೈಗೆತ್ತಿಕೊಂಡು, "ನೂರು ಬರೆದಿಲ್ಲ ನಾನು. ಇದನ್ನ ಯಾರು ತಂದುಕೊಟ್ಟಿದ್ದು?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ತಾನಾಗಿ ನನ್ನ ಚೀಲದ ಮೇಲೆ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಓಬಳೇಶಣ್ಣ ಮುಂದೆ ಬಂದರು.

"ನಾನೇ ಸಾರ್. ಚಳ್ಳಕೆರೆಗೆ ಹೋಗಿದ್ದೆ, ಇದೇ ಸಿಕ್ತು, ತಂದೆ. ಕಾಲು ಗುಳಿಗೆ ಕೊಡ್ರಿ ಅಂತ ಮೇಡಂ ಹೇಳಿದ್ರು. ನಾನೇ ಜಾಣತನ ಮಾಡಿದೆ."

ಡಾಕ್ಟರು ಒಳ್ಳೆಯವರು, ಆದರೆ ಆವತ್ತು ಅವರ ನಾಲಗೆಗೆ ಲಗಾಮಿರಲಿಲ್ಲ. ಹೆತ್ತ ಕೂಸನ್ನೇ ಕೊಲ್ಲಲು ಹೊರಟಿದ್ದೀಯ, ನಿನ್ನಂಥವನ ಕೈಗೆ ಮಗು ಕೊಟ್ಟದ್ದೇ ತಪ್ಪು ಎಂದು ಊರ ಜನರೆದುರು ಬೈದರು. ಓಬಳೇಶಣ್ಣ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಮಾತಾಡಲಿಲ್ಲ. ಮುಂದಿನ ತಿಂಗಳು ನನ್ನ ಗುತ್ತಿಗೆ ಮುಂದುವರಿಯಬೇಕಿತ್ತು. ಅದು ತಲೆಯಲ್ಲಿ ಇರಲಿಲ್ಲವೆಂದು ಇವತ್ತು ಹೇಳಿದರೆ ಸುಳ್ಳಾಗುತ್ತದೆ.

ದುರ್ಗದ ಆಸ್ಪತ್ರೆಯಲ್ಲಿ ಮಗು ಒಂಬತ್ತು ದಿನ ಇತ್ತು. ಗುಳಿಗೆ ನಿಲ್ಲಿಸಿದರು, ಎದೆಬಡಿತ ದಿನದಿನಕ್ಕೆ ಇಳಿಯಿತು. ಎರಡು ಸಲ ನೋಡಲು ಹೋದೆ, ಎರಡು ಸಲವೂ ಸುಜಾತಳ ಕಣ್ಣು ತಪ್ಪಿಸಿಕೊಂಡು ಬಂದೆ. ಗಂಡಾಂತರ ಕಳೆಯಿತು ಎಂದ ಮೇಲೆ ಮತ್ತೆ ಇಪ್ಪತ್ತೈದರಿಂದ ಶುರು ಮಾಡಿ ಮನೆಗೆ ಕಳಿಸಿದರು.

ಊರಿಗೆ ಬಂದ ಮರುದಿನ ಬೆಳಗ್ಗೆ, ಗಾಳಿ ಏಳುವ ಮುಂಚೆ, ಗಂಡ ಹೆಂಡತಿ ಕೂಸನ್ನು ಹೊದ್ದಿಸಿಕೊಂಡು ನಾನಿದ್ದ ಕೋಣೆಯ ಬಾಗಿಲಿಗೆ ಬಂದರು. "ನಮ್ ಕೈ ನಮ್ಗೇ ನಂಬ್ಕೆ ಇಲ್ಲ ಮೇಡಂ, ನೀವೇ ಕೊಟ್ಬಿಡ್ರಿ" ಎಂದಳು ಸುಜಾತ. ಅವತ್ತಿನಿಂದ ಆಷಾಢ ಮುಗಿದು, ಶ್ರಾವಣ ಮುಗಿದು, ಶೇಂಗಾ ಕೀಳುವ ಹೊತ್ತಾಗುವವರೆಗೂ ದಿನವೂ ಬೆಳಗ್ಗೆ ಆ ಕೂಸಿನ ಗುಳಿಗೆ ನನ್ನ ಕೈಯಲ್ಲೇ. ಅಪ್ಪನಿಗೆ ಫೋನಿನಲ್ಲಿ ರಜೆ ಸಿಗುವುದಿಲ್ಲ ಎನ್ನುತ್ತಿದ್ದೆ, ಊರಿಗೆ ಹೋಗುವುದನ್ನೇ ಬಿಟ್ಟೆ. ಗುಳಿಗೆಯನ್ನು ಅವರೇ ಜಿಲ್ಲಾ ಕೇಂದ್ರದಿಂದ ತರಿಸಿಕೊಳ್ಳುತ್ತಿದ್ದರು. ನಾನು ಅಕ್ಷರ ಓದಿ, ಇನ್ನೊಂದು ಸಲ ಓದಿ, ಹಾಲಲ್ಲಿ ಅರೆದು ಚಮಚದಲ್ಲಿ ಬಾಯಿಗಿಡುತ್ತಿದ್ದೆ. ಕೂಸು ಚಮಚ ಕಚ್ಚಿ ಹಿಡಿಯುತ್ತಿತ್ತು. ಆಮೇಲೆ ನನ್ನ ಮುಖ ಕಂಡರೆ ನಗಲು ಕಲಿತಿತು. ಆ ನಗು ನನಗೆ ಖುಷಿಯನ್ನೂ ಕೊಟ್ಟಿತು, ಒಳಗೊಳಗೇ ಚುಚ್ಚಿತು ಕೂಡ. ಮುಂದಿನ ವರ್ಷ ಚಳ್ಳಕೆರೆಯಲ್ಲೇ ಕೆಲಸ ಸಿಕ್ಕಿತು. ಹೊರಡುವ ದಿನವೂ ಡಾಕ್ಟರಿಗೆ ನಿಜ ಹೇಳಲಿಲ್ಲ.

ಸೀರೆ ಅಂಗಡಿಯಲ್ಲಿ ಚಿಕ್ಕಮ್ಮನನ್ನು ಕೂರಿಸಿ, ಒಂದು ಗಂಟೆ ಎಂದು ಹೇಳಿ ಆಟೋ ಹತ್ತಿ ಆ ಹಳ್ಳಿಗೆ ಹೋದೆ. ಮನೆ ಹಾಗೇ ಇತ್ತು, ತಾರಸಿ ಮಾತ್ರ ಹೊಸದು. ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ಕೂತು ಮಗ್ಗಿ ಬರೆಯುತ್ತಿದ್ದವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರು ಬೇಕ್ರೀ? ಸೀರೆ ತಗಣಾಕೆ ಬಂದ್ರಾ?" ಎಂದು ಕೇಳಿದಳು. ಏಳರ ಮಗ್ಗಿಯಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಕದ್ದು ನೋಡಿದೆ.

ಸುಜಾತ ಕೈ ಹಿಡಿದು ಒಳಗೆ ಕರೆದೊಯ್ದಳು. ಓಬಳೇಶಣ್ಣ ಮಗ್ಗದಿಂದ ಎದ್ದು ಬಂದರು, ಕೂದಲು ನೆರೆತಿದೆ. ಟೀ ಬಂತು. ಹುಡುಗಿ ಈಗಲೂ ದಿನಾ ಗುಳಿಗೆ ನುಂಗುತ್ತಾಳಂತೆ, ತಾನೇ ನೆನಪಿಟ್ಟು ನುಂಗುತ್ತಾಳಂತೆ. ಅದೂ ಇದೂ ಮಾತಾಡಿದೆವು. ಆಟೋದವನು ಹಾರ್ನ್ ಹೊಡೆಯತೊಡಗಿದ. ಇನ್ನು ಹೇಳದಿದ್ದರೆ ಸಾಯುವವರೆಗೂ ಹೇಳುವುದಿಲ್ಲ ಎನಿಸಿತು.

"ಅಣ್ಣಾ, ಆವತ್ತು ಗುಳಿಗೆ ತಂದವಳು ನಾನು. ಡಾಕ್ಟ್ರು ನಿಮಗೆ ಅಷ್ಟು ಕೆಟ್ಟದಾಗಿ ಬೈಯುವಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ನನ್ನ ಕೆಲ್ಸ ಹೋಗುತ್ತೆ ಅಂತ ಸುಮ್ಮನಿದ್ದೆ."

ಓಬಳೇಶಣ್ಣ ಟೀ ಲೋಟ ಕೆಳಗಿಟ್ಟರು. ಅವರಿಗೆ ನನ್ನ ಮಾತು ಆಶ್ಚರ್ಯವೆನಿಸಿದಂತೆ ಕಾಣಲಿಲ್ಲ.

"ಅದಕ್ಕೇ ಅಲ್ವಾ ಮೇಡಂ ನಾನು ಮುಂದೆ ಬಂದಿದ್ದು. ನಿಮ್ಮನ್ನ ಕೆಲ್ಸದಿಂದ ತೆಗೆದಿದ್ರೆ, ಆಮ್ಯಾಕೆ ನನ್ ಮಗಳಿಗೆ ಗುಳಿಗೆ ಕೊಡೋಕೆ ಯಾರಿದ್ರು? ನನ್ ಕೈಮ್ಯಾಲೆ ಅವತ್ತೇ ನನಗೆ ನಂಬ್ಕೆ ಹೋಗಿತ್ತು. ನಿಮ್ಮ ಕೈಮ್ಯಾಲೆ ಇತ್ತು."

ಸುಜಾತ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಏಳು ವರ್ಷದಿಂದ ತಡೆದಿದ್ದ ಅಳು ಬಂತು, ಅವರಿಬ್ಬರ ಮುಂದೆಯೇ ಕೂತು ಅತ್ತೆ.